ಸಕ್ಕರೆಯನ್ನ ಮರಳು ಮಾಡೋ ಎಲೆ: ಮಧುನಾಶಿನಿ

(1)
ಹೆಬ್ಬೂರು ಬಸ್ ಸ್ಟ್ಯಾಂಡಲ್ಲಿ ಟೀ ಕುಡಿಯೋ ಮೊದಲು ಒಂದು ಮಧುನಾಶಿನಿ ಎಲೆ ಅಗಿದಿದ್ರೆ, ಎಷ್ಟು ಸಕ್ಕರೆ ಹಾಕಿಸಿದ್ರೂ ಟೀ ಸಪ್ಪೆ. ಬರೀ ಸಕ್ಕರೆ ಬಾಯಿಗೆ ಹಾಕ್ಕೊಂಡ್ರಂತೂ ಮರಳು ಅಗಿದಂಗೆ! ಸ್ವಲ್ಪ ಹೊತ್ತಾದ್ಮೇಲೆ ಸಿಹಿ ತಾನಾಗೇ ವಾಪಸ್ ಬರುತ್ತೆ. ಬೇಲಿ, ಕುರುಚಲು ಕಾಡಲ್ಲಿ ಹಬ್ಬೋ ಬಳ್ಳಿ ಇದು.

ಆಯುರ್ವೇದದಲ್ಲಿ ಇದನ್ನ ಮೇಷಶೃಂಗಿ ಅಂತಾರೆ, ಅಂದ್ರೆ ಟಗರಿನ ಕೊಂಬು. ಆದ್ರೆ ಅದೇ ಹೆಸರಲ್ಲಿ ಬೇರೊಂದು ಮರವನ್ನೂ ಕರೀತಾರೆ. "ಸುಶ್ರುತನೇ ಬರೆದಿದ್ದಾನೆ" ಅಂತ ಫಾರ್ವರ್ಡ್ ಬಂದ್ರೆ, ಯಾವ ಗಿಡದ ಬಗ್ಗೆ ಅಂತ ಮೊದಲು ಕೇಳಿ.

(2)
ಎಲೆ ಅಗಿದ ಎಜ್‌ವರ್ತ್ ಅನ್ನೋ ಬ್ರಿಟಿಷ್ ಅಧಿಕಾರಿಗೆ ಚಹಾದಲ್ಲಿದ್ದ ಸಕ್ಕರೆ ಗೊತ್ತೇ ಆಗಲಿಲ್ಲ ಅನ್ನೋದು 1847ರಲ್ಲಿ ಅಚ್ಚಾಯ್ತು. ಆಮೇಲೆ ಬಂದಿದ್ದು ನನ್ನ ಫೇವರಿಟ್, ಊಟಿಯ ಡೇವಿಡ್ ಹೂಪರ್. ಸಿಂಕೋನಾ ತೊಗಟೆಯಲ್ಲಿ ಕ್ವಿನೈನ್ ಎಷ್ಟಿದೆ ಅಂತ ಪರೀಕ್ಷಿಸೋದು ಅವರ ಸರ್ಕಾರಿ ಕೆಲಸ. ಎಲೆ ಅಗಿದು ಶುಂಠಿ ಕೇಕ್ ತಿಂದ್ರೆ ಶುಂಠಿ ಖಾರ ಮಾತ್ರ ಸಿಗ್ತಂತೆ, ಉಳಿದಿದ್ದೆಲ್ಲ ಬರೀ ಹಿಟ್ಟು. ಕಡುಕಹಿ ಕ್ವಿನೈನ್ ಕೂಡ ಸೀಮೆಸುಣ್ಣದಂಗೆ ಇತ್ತಂತೆ! 1887ರಲ್ಲಿ ಅವರು ಇದನ್ನ 'ನೇಚರ್' ಪತ್ರಿಕೆಯಲ್ಲಿ ಬರೆದ್ರು. ಎಲೆಯಿಂದ ಬೇರ್ಪಡಿಸಿದ ವಸ್ತುವೇ ಜಿಮ್ನೆಮಿಕ್ ಆಮ್ಲ.

(3)
ಅದು ಒಂದೇ ವಸ್ತು ಅಲ್ಲ, ಹಲವು ಸಪೋನಿನ್‌ಗಳ ಗುಂಪು ಅಂತ ಆಮೇಲೆ ತಿಳೀತು. ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರಿಸೋದೂ ಸಪೋನಿನ್ನೇ. ನಾಲಿಗೆಯಲ್ಲಿ ಸಿಹಿ ಗುರುತಿಸೋ ಪ್ರೋಟೀನಿಗೆ ಈ ಆಮ್ಲಗಳು ಅಂಟಿಕೊಂಡುಬಿಡ್ತವೆ. ಸಿಹಿ ಗೊತ್ತಾಗಲ್ಲ, ಅಷ್ಟೆ. ಸಕ್ಕರೆ ಎಲ್ಲೂ ಹೋಗಿರಲ್ಲ, ನೆಟ್ಟಗೆ ಹೊಟ್ಟೆಗೇ ಇಳಿಯುತ್ತೆ.

(4)
ಹಾಗಾದ್ರೆ ಶುಗರ್ ಕಾಯಿಲೆಗೆ? 1990ರಲ್ಲಿ ಮದರಾಸಿನ ಸಂಶೋಧಕರು 22 ರೋಗಿಗಳ ಫಲಿತಾಂಶ ಪ್ರಕಟಿಸಿದ್ರು. ಮಾತ್ರೆ ಜೊತೆಗೇ ದಿನಕ್ಕೆ 400 ಮಿಲಿಗ್ರಾಂ ಎಲೆಸಾರ, 18ರಿಂದ 20 ತಿಂಗಳು. 5 ಜನ ಮಾತ್ರೆ ನಿಲ್ಲಿಸೋ ಹಂತಕ್ಕೆ ಬಂದ್ರು. ಎಲ್ಲರೂ ಶೇರ್ ಮಾಡೋದು ಈ 5 ಜನರನ್ನ. ಉಳಿದ 17 ಜನರಿಗೆ ಮಾತ್ರೆ ಬೇಕೇ ಇತ್ತು, ಅದನ್ನ ಯಾರೂ ಹೇಳಲ್ಲ. ಇಷ್ಟು ಚಿಕ್ಕ ಪ್ರಯೋಗದಿಂದ ಔಷಧಿ ಅಂತ ಸಾಬೀತಾಗಲ್ಲ. 2010ರಲ್ಲಿ ಇದನ್ನ ತಗೊಂಡ ಒಬ್ಬ ಮಧುಮೇಹಿಗೆ ಯಕೃತ್ತಿಗೆ ಪೆಟ್ಟಾದ ವರದಿಯೂ ಬಂತು.

ನಿಮ್ಮ ಮನೇಲಿ ಅಜ್ಜಿನೋ ದೊಡ್ಡಪ್ಪನೋ ಮಾತ್ರೆ ಬಿಟ್ಟು ಈ ಎಲೆ ಅಗೀತಿದ್ರೆ, ಈ ವಾರವೇ ಶುಗರ್ ಟೆಸ್ಟ್ ಮಾಡಿಸಿ. ಮಾತ್ರೆ ಜೊತೆ ತಿಂತಿದ್ರೂ ಡಾಕ್ಟರಿಗೆ ಹೇಳಿ, ಶುಗರ್ ತೀರಾ ಇಳಿದುಬಿಡಬಹುದು.

ಮುಂದಿನ ಸಲ ಸರ್ಪಗಂಧಿ.