ಬಿರಡೆಯ ಕೆಳಗಿನ ಚರಿತ್ರೆ

ಸ್ನಾನದ ಟಬ್ಬಿನ ನೀರಿಳಿ ಜೋಡಣೆ ಎಂದರೆ ತಳದ ತೂತಿನಿಂದ ಮೋರಿಯ ಕೊಳವೆಯವರೆಗೆ ಬರುವ ಬಿರಡೆ, ಜಾಲರಿ, ವಾಷರು, ಕಪ್ಲಿಂಗು ಮತ್ತು ಟ್ರ್ಯಾಪುಗಳ ಸಮೂಹ. ನೀರನ್ನು ತರುವ ನಲ್ಲಿಗೆ ದೊರೆತ ಗಮನ ನೀರನ್ನು ಸಾಗಹಾಕುವ ಈ ಸಮೂಹಕ್ಕೆ ದೊರೆಯದೆ ಹೋದುದರಿಂದ, ಅದರ ಆಯ್ಕೆಯು ಇಂದು ಮುಚ್ಚಳದ ಹೊಳಪು ಮತ್ತು ಬಣ್ಣದ ಪ್ರಶ್ನೆಯಾಗಿ ಕುಗ್ಗಿದೆ. ಟಬ್ಬಿನ ಚರಿತ್ರೆಯೆಂದು ಬಹುಕಾಲ ಉಲ್ಲೇಖಗೊಂಡ ಅಮೆರಿಕದ ಬರಹವೊಂದು 1917ರಲ್ಲಿ ಪತ್ರಕರ್ತ ಎಚ್. ಎಲ್. ಮೆಂಕೆನ್ ಕಟ್ಟಿದ ಕಲ್ಪಿತ ಕಥೆಯಾಗಿದ್ದು, 1926ರಲ್ಲಿ ಆತನೇ ಅದನ್ನು ಒಪ್ಪಿಕೊಂಡ ಮೇಲೂ ನಿಜವೆಂದೇ ಬಳಕೆಯಲ್ಲಿ ಉಳಿದುದು ಈ ಅಲಕ್ಷ್ಯದ ಆಳವನ್ನು ತೋರಿಸುತ್ತದೆ.

ಮೊಹೆಂಜೊದಾರೊದ ಮಹಾಸ್ನಾನಗೃಹದಲ್ಲಿ ಇಟ್ಟಿಗೆಯ ತಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿ ನೀರನ್ನು ಮೋರಿಗೆ ಬಿಟ್ಟಿದ್ದರು. ಅಲ್ಲಿಂದ 18ನೆಯ ಶತಮಾನದವರೆಗೂ ತೂತು, ಇಳಿಜಾರು ಮತ್ತು ಬಿರಡೆ ಇಷ್ಟೇ ಮುಖ್ಯ ಸಾಧನಗಳಾಗಿದ್ದವು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಶೌಚಾಲಯಕ್ಕಾಗಿ ಪೇಟೆಂಟ್ ಪಡೆದ ಬಾಗಿದ ಕೊಳವೆಯು ಹೊಸ ತತ್ತ್ವವೊಂದನ್ನು ನೆಲೆಗೊಳಿಸಿತು. ಬಾಗಿನಲ್ಲಿ ಸದಾ ನಿಲ್ಲುವ ನೀರೇ ಮೋರಿಯ ದುರ್ವಾಯುವನ್ನು ತಡೆಯುತ್ತದೆ. ಇಂಥ ಬಾಗಿದ ಕೊಳವೆಗೆ ಟ್ರ್ಯಾಪು ಎಂದೂ ಈ ನೀರಿನ ತಡೆಗೆ ವಾಟರ್ ಸೀಲ್ ಎಂದೂ ಹೆಸರು.

19ನೆಯ ಶತಮಾನದ ಕೊನೆಗೆ ಎನಾಮಲ್ ಲೇಪದ ಬೀಡುಕಬ್ಬಿಣದ ಟಬ್ಬುಗಳು ಬಂದಾಗ, ಸರಪಳಿಗೆ ಕಟ್ಟಿದ ರಬ್ಬರ್ ಬಿರಡೆಯೊಂದಿಗೆ, ಹೆಚ್ಚಾದ ನೀರನ್ನು ಅಂಚು ಮೀರುವ ಮೊದಲೇ ಹೊರಗೊಯ್ಯುವ ಓವರ್‌ಫ್ಲೋ ಕೊಳವೆಯೂ ರೂಢಿಗೆ ಬಂತು. ಆ ರಬ್ಬರ್ ಬಿರಡೆಯಷ್ಟು ಸರಳವಾದುದು, ಕೈಯಿಂದಲೇ ಬದಲಿಸಬಹುದಾದುದು ಮುಂದೆ ಬರಲಿಲ್ಲವೆಂದೇ ಹೇಳಬೇಕು. ಅಮೆರಿಕದಲ್ಲಿ ಬೆಳೆದ ಟ್ರಿಪ್‌ ಲಿವರ್ ಪದ್ಧತಿಯಲ್ಲಿ ಓವರ್‌ಫ್ಲೋ ತಟ್ಟೆಯ ಮೇಲಿನ ಹಿಡಿಕೆಯನ್ನು ಸರಿಸಿದರೆ, ಒಳಗೆ ಸರಳಿನಿಂದ ತೂಗುವ ಹಿತ್ತಾಳೆಯ ತುಂಡು ಕೆಳಗಿಳಿದು ದಾರಿಯನ್ನು ಮುಚ್ಚುತ್ತದೆ. ಆ ತುಂಡು ಪೊಳ್ಳಾಗಿರುವುದರಿಂದ ಮೇಲಿನಿಂದ ಬರುವ ಹೆಚ್ಚುವರಿ ನೀರು ಅದರ ನಡುವಿನಿಂದಲೇ ಸಾಗಿಹೋಗುತ್ತದೆ. ತಟ್ಟೆಯ ತಿರುಪು ಬಿಚ್ಚಿ ಎಳೆದಾಗ ಸರಳಿಗೆ ಸುತ್ತಿಕೊಂಡು ಹೊರಬರುವ ಕೂದಲು ಮತ್ತು ಸಾಬೂನಿನ ಜಿಡ್ಡೇ ಈ ಜಾಣ ಯಂತ್ರದ ಮಿತಿ. ತಿರುಗಿಸಿ ಎತ್ತುವ ಮುಚ್ಚಳವೂ, ಕಾಲ್ಬೆರಳಿನಿಂದ ಒಮ್ಮೆ ಒತ್ತಿದರೆ ಮುಚ್ಚಿ ಮತ್ತೊಮ್ಮೆ ಒತ್ತಿದರೆ ತೆರೆಯುವ ಸ್ಪ್ರಿಂಗ್ ಮುಚ್ಚಳವೂ ಕೊಳವೆಯೊಳಗಿನ ಈ ಸರಳನ್ನು ತೊಡೆದುಹಾಕಿ ಶುಚಿಗೊಳಿಸುವ ಕೆಲಸವನ್ನು ಹಗುರಗೊಳಿಸಿದವು.

ಆದರೂ ಕ್ಷೇತ್ರದ ನಿಜವಾದ ಪ್ರಗತಿ ನಡೆದದ್ದು ಮುಚ್ಚಳದ ಕೆಳಗೆ. ಟಬ್ಬಿನ ತೂತು, ಕಪ್ಲಿಂಗು ಮತ್ತು ಕೊಳವೆಗಳ ಅಳತೆ ಪರಸ್ಪರ ಹೊಂದಬೇಕೆಂಬುದು ಮೊದಲ ನಿಯಮ. ಬ್ರಿಟನ್ನಿನಲ್ಲಿ ವಾಷ್‌ಬೇಸಿನ್ನಿಗೆ 32 ಮಿ.ಮೀ., ಟಬ್ಬಿಗೆ 40 ಮಿ.ಮೀ. ಕೊಳವೆ ವಾಡಿಕೆಯಾಗಿದ್ದರೆ, ಅಮೆರಿಕದ ಕಪ್ಲಿಂಗುಗಳಲ್ಲಿ ಅಂಗುಲಕ್ಕೆ 11.5 ಸುತ್ತಿನ ಒರಟು ಥ್ರೆಡ್ಡೂ 16 ಸುತ್ತಿನ ನಯವಾದ ಥ್ರೆಡ್ಡೂ ಇರುವುದರಿಂದ, ಅಳತೆ ನೋಡದೆ ಹೊಸದನ್ನು ಬಲವಂತದಿಂದ ತಿರುಗಿಸಿದರೆ ಸುತ್ತುಗಳು ಹಾಳಾಗುತ್ತವೆ. ಸಂದಿಗೆ ಹಚ್ಚುವ ವಸ್ತುವಿನಲ್ಲೂ ವಿವೇಕ ಬೇಕು: ಬೀಡುಕಬ್ಬಿಣದ ಟಬ್ಬಿಗೆ ಎಣ್ಣೆ ಬೆರೆತ ಪುಟ್ಟಿ ಸಲ್ಲುತ್ತದೆಯಾದರೂ ಅಕ್ರಿಲಿಕ್ ಟಬ್ಬಿಗೆ ಅನೇಕ ತಯಾರಕರು ಸಿಲಿಕೋನನ್ನೇ ಸೂಚಿಸುತ್ತಾರೆ.

ಟ್ರ್ಯಾಪಿನ ಮಹತ್ವವನ್ನು ಎಲ್ಲರಿಗೂ ಮನಗಾಣಿಸಿದ್ದು 2003ರ ಹಾಂಗ್‌ಕಾಂಗ್. ಅಲ್ಲಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗ ಮುನ್ನೂರಕ್ಕೂ ಹೆಚ್ಚು ಮಂದಿಗೆ ತಗಲಿದಾಗ, ಬಚ್ಚಲಿನ ನೆಲದ ಟ್ರ್ಯಾಪುಗಳು ಒಣಗಿದ್ದುದರಿಂದ ಮಲಿನ ಕಣಗಳು ಕೊಳವೆಯಿಂದ ಮನೆಯೊಳಕ್ಕೆ ಬಂದವೆಂದೂ, ಗಾಳಿಯನ್ನು ಹೊರಗೆಳೆಯುವ ಫ್ಯಾನುಗಳು ಅದಕ್ಕೆ ನೆರವಾದವೆಂದೂ ತನಿಖೆಗಳು ಸೂಚಿಸಿದವು. ಕೆಲವು ಸೆಂಟಿಮೀಟರ್ ನೀರು ನಿಲ್ಲುವುದೂ ನಿಲ್ಲದಿರುವುದೂ ಮನೆಮಂದಿಯ ಆರೋಗ್ಯದ ಪ್ರಶ್ನೆಯಾಗಬಲ್ಲದೆಂಬುದು ಈ ಕ್ಷೇತ್ರದ ಹಿರಿಯ ಪಾಠ.

ಕರ್ನಾಟಕದ ಬಚ್ಚಲುಮನೆಯ ಪರಂಪರೆ ಟಬ್ಬಿನದಲ್ಲ. ಹಂಡೆಯಿಂದ ನೀರನ್ನು ಮೊಗೆದು ಸುರಿದುಕೊಳ್ಳುವ ರೂಢಿಯಲ್ಲಿ ನೀರು ನೆಲದ ಇಳಿಜಾರಿನಲ್ಲೇ ಹರಿದುಹೋಗುತ್ತದೆ. ನೆಲದ ನೀರಿಗೆಂದು ಬಂದ ನಹಾನಿ ಟ್ರ್ಯಾಪು ಇಲ್ಲಿನ ಕೆಲಸಗಾರರ ಕೈಗೆ ಚೆನ್ನಾಗಿ ಒಗ್ಗಿದೆ. ಬೆಂಗಳೂರಿನ ಬಹುಮಹಡಿ ಮನೆಗಳಿಗೆ ಟಬ್ಬು ಬಂದಾಗ ಈ ಅನುಭವವು ಅದರ ಜೊತೆಗೆ ಬರಲಿಲ್ಲ. ಟಬ್ಬಿನ ಸುತ್ತ ಟೈಲ್ಸ್ ಹಾಕಿ ಮುಚ್ಚಿಬಿಡುವುದರಿಂದ ಕಪ್ಲಿಂಗಿನ ವಾಷರು ಸವೆದದ್ದು ತಿಳಿಯುವುದು ಕೆಳಮನೆಯ ಚಾವಣಿಯಲ್ಲಿ ತೇವದ ಕಲೆ ಮೂಡಿದಾಗಲೇ, ಕೊಳವೆಬಾವಿಯ ಗಡಸು ನೀರಿನ ಸುಣ್ಣ ಸ್ಪ್ರಿಂಗನ್ನು ಬಿಗಿದದ್ದು ತಿಳಿಯುವುದು ಮುಚ್ಚಳ ಮೇಲೇಳದಿದ್ದಾಗಲೇ. ಕೈ ತೂರುವಷ್ಟು ಕಿಂಡಿಯೊಂದನ್ನು ಟಬ್ಬಿನ ಬದಿಯಲ್ಲಿ ಉಳಿಸಬೇಕೆಂಬ ಸರಳ ವಿಚಾರ ಕನ್ನಡದ ಗೃಹನಿರ್ಮಾಣ ಬರವಣಿಗೆಯಲ್ಲಿ ಇನ್ನೂ ಗಟ್ಟಿಯಾಗಿ ನೆಲೆಯೂರಬೇಕಾಗಿದೆ. ಮೊದಲು ಅಳತೆ ಮತ್ತು ಟ್ರ್ಯಾಪು, ಅನಂತರ ಓವರ್‌ಫ್ಲೋ ಮತ್ತು ಕಿಂಡಿ, ಕೊನೆಗೆ ಬಿರಡೆ ಎಂಬ ಕ್ರಮದಲ್ಲಿ ಆರಿಸಿದ ಜೋಡಣೆಯು, ವಾಷರು ಸವೆದ ದಿನವೂ ಒಂದೇ ಒಂದು ಟೈಲನ್ನೂ ಒಡೆಯದೆ ದುರಸ್ತಿಗೆ ಒದಗುತ್ತದೆ.