ಕಿತ್ತೂರಿಲ್ಲದ ಪದಕ

ನಮ್ಮೂರು ಕೊಂಕಲ್‌ನಲ್ಲಿ ಯುದ್ಧದ ಮಾತು ಬಂದರೆ ಅದು 1858ರ ಸುರಪುರದ್ದೇ. ನಾನು ಅದಕ್ಕೂ ಹಿಂದಿನ, ಕಂಪನಿ ಸೈನ್ಯದ ಫಿರಂಗಿ ಸೈನಿಕರ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ರಜೆಗೆ ಊರಿಗೆ ಹೋದಾಗ ಮುತ್ಯಾಗೆ ಒಂದು ಪದಕದ ಚಿತ್ರ ತೋರಿಸಿದೆ.

ಅದು ‘ಆರ್ಮಿ ಆಫ್ ಇಂಡಿಯಾ’ ಪದಕ. ಬೆಳ್ಳಿಯದು, ತಿಳಿನೀಲಿ ಪಟ್ಟಿ. ಒಂದು ಬದಿಗೆ ವಿಕ್ಟೋರಿಯಾ ರಾಣಿಯ ಮುಖ, ಇನ್ನೊಂದು ಬದಿಗೆ ಕುಳಿತ ವಿಜಯದೇವತೆ, ಕೆಳಗೆ 1799–1826 ಎಂಬ ಇಸವಿ. ಯಾವ ಕಾಳಗದಲ್ಲಿದ್ದನೋ ಆ ಹೆಸರಿನ ಬೆಳ್ಳಿಪಟ್ಟಿಯನ್ನು ಪದಕದ ಮೇಲೆ ಕೂಡಿಸುತ್ತಿದ್ದರು: ಅಸ್ಸಾಯೆ, ಮಹೀದ್‌ಪುರ, ಕೋರೆಗಾಂವ್, ಆವಾ, ಭರತಪುರ.

ಫಿರಂಗಿಯವನ ಕೆಲಸ ಒಬ್ಬನದಲ್ಲ. ಒಬ್ಬ ಒದ್ದೆ ಕುಂಚದಿಂದ ನಳಿಗೆಯೊಳಗಿನ ಕಿಡಿ ಆರಿಸಬೇಕು, ಒಬ್ಬ ಮದ್ದುಗುಂಡು ಇಡಬೇಕು, ಮತ್ತೊಬ್ಬ ಜಡಿಯಬೇಕು, ಇನ್ನೊಬ್ಬ ಬೆಂಕಿ ಮುಟ್ಟಿಸಬೇಕು. ಕಿಡಿ ಉಳಿದರೆ ಜಡಿಯುವವನ ಕೈಯೇ ಹೋಗುತ್ತಿತ್ತು. ಗೋಲಂದಾಜರ ಜೊತೆಗೆ ಲಸ್ಕರರು, ಎತ್ತು ಹೊಡೆಯುವವರು. 1803ರಲ್ಲಿ ವೆಲ್ಲೆಸ್ಲಿಯ ದಂಡು ದೂರ ದೂರ ನಡೆಯಲು ಮೈಸೂರಿನ ಅಮೃತಮಹಲ್ ಎತ್ತುಗಳ ಬಲವೂ ಇತ್ತು. ಅಸ್ಸಾಯೆಯಲ್ಲಿ ಎದುರಿನ ಮರಾಠಾ ಫಿರಂಗಿಯವರು ತೋಪು ಬಿಟ್ಟು ಕದಲದೆ ಸತ್ತರು. ಕೆಲವರು ಸತ್ತಂತೆ ಬಿದ್ದಿದ್ದು, ಶತ್ರು ಮುಂದೆ ಹೋದ ಮೇಲೆ ಎದ್ದು ಮತ್ತೆ ತೋಪು ಹಾರಿಸಿದರು. ಅವರಿಗೆ ಯಾವ ಪದಕವೂ ಇಲ್ಲ.

ಮುತ್ಯಾ ಆ ಹೆಸರುಗಳನ್ನೆಲ್ಲ ಓದಿಸಿಕೊಂಡು ಕೇಳಿದ: “ತಮ್ಮಾ, ಕಿತ್ತೂರಿಂದು ಎಲ್ಲದ?”

ಇಲ್ಲ. ಒಟ್ಟು 21 ಪಟ್ಟಿಗಳಲ್ಲಿ ಕಿತ್ತೂರಿನದು ಇಲ್ಲ. ಪದಕದ ಮೇಲಿನ ಇಸವಿಗಳ ನಡುವೆಯೇ, 1824ರ ಅಕ್ಟೋಬರ್ 23ರಂದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಬಾಗಿಲು ಒಡೆಯಲು ಫಿರಂಗಿ ತರಿಸಿದ್ದ. ಬಾಗಿಲು ಒಳಗಿನಿಂದಲೇ ತೆರೆಯಿತು, ಚೆನ್ನಮ್ಮನ ಸೈನ್ಯ ನುಗ್ಗಿ ಬಂತು. ಥ್ಯಾಕರೆಯ ಜೊತೆ ಮದ್ರಾಸ್ ಫಿರಂಗಿ ದಳದ ಬ್ಲಾಕ್, ಸೆವೆಲ್, ಡೈಟನ್ ಎಂಬ ಅಧಿಕಾರಿಗಳೂ ಸತ್ತರು. ಡಿಸೆಂಬರ್‌ನಲ್ಲಿ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು. ಕಂಪನಿ ಗೆದ್ದಿತ್ತು, ಆದರೂ ಪಟ್ಟಿ ಇಲ್ಲ. ಬರ್ಮಾದ ಮೇಲೆ ಹೋದದ್ದು ಯುದ್ಧ, ಕಿತ್ತೂರಿನದು ಬರೀ ದಂಗೆ ಎಂಬ ಎಣಿಕೆಯೇ ಇದಕ್ಕೆ ಕಾರಣ ಎಂಬುದು ನನ್ನ ವಾದ.

ಇನ್ನೊಂದು ಮಾತೂ ಇದೆ. ಪದಕ ಮಂಜೂರಾದದ್ದು 1851ರಲ್ಲಿ, ಅದೂ ಆ ಹೊತ್ತಿಗೆ ಬದುಕಿದ್ದವರಿಗೆ ಮಾತ್ರ. ಅಸ್ಸಾಯೆಯಲ್ಲಿ 20 ವರ್ಷದವನಾಗಿದ್ದ ಗೋಲಂದಾಜನಿಗೆ ಆಗ 68. ಕೈ ಕಳೆದುಕೊಂಡು ಊರಿಗೆ ಮರಳಿ ಬೇಗ ತೀರಿಕೊಂಡವನು ಲೆಕ್ಕಕ್ಕೇ ಬರಲಿಲ್ಲ.

ಪದಕಗಳ ಪಟ್ಟಿಯನ್ನೇ ಸೈನಿಕರ ಚರಿತ್ರೆ ಎಂದುಕೊಂಡು ನನ್ನ ಮೊದಲ ಅಧ್ಯಾಯ ಬರೆದಿದ್ದೆ. ಈಗ ಅದನ್ನು ಹೊಸದಾಗಿ ಬರೆಯುತ್ತಿದ್ದೇನೆ. ಮುತ್ಯಾನ ಪ್ರಶ್ನೆಯಿಂದಲೇ ಶುರುವಾಗುತ್ತದೆ.