ಆಸೆಯ ಹೆಸರು ಹೇಳದ ಜಗಳ

ಹಿಂದೂಪುರದ ಸಂತೆಯಲ್ಲಿ ಕನ್ನಡದಲ್ಲಿ ಕೇಳಿದ ಬೆಲೆಗೆ ತೆಲುಗಿನಲ್ಲಿ ಉತ್ತರ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಪಕ್ಕದ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಮನೆಮಾತೇ ಕನ್ನಡ. ಪತ್ರ, ಕಚೇರಿ, ಬಸ್ಸಿನ ಬೋರ್ಡು ತೆಲುಗು. ಇಂಥ ಗಡಿಸೀಮೆಯಲ್ಲಿ ಎರಡು ಭಾಷೆಗೂ ಒಂದೇ ಸಮನೆ ಸೇರಿದ ಪದಗಳ ಪೈಕಿ ನನಗೆ ತುಂಬ ಬೇಕಾದದ್ದು 'ಆಸೆ'. ತೆಲುಗಿನ ಬಾಯಲ್ಲಿ ಅದು 'ಆಶ', ನಮ್ಮ ಬಾಯಲ್ಲಿ 'ಆಸೆ'. ಅರ್ಥ ಮಾತ್ರ ಒಂದೇ ಕಡೆ ನಿಲ್ಲುವುದಿಲ್ಲ.

ಕಲ್ಯಾಣದುರ್ಗದ ರೈತ "ಈ ಮಳೆ ಮೇಲೆ ಆಸೆ ಇಟ್ಟು ಕಡಲೆಕಾಯಿ ಹಾಕಿದೀವಿ" ಎಂದಾಗ ಅದು ಭರವಸೆ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾದ ಅನಂತಪುರದಲ್ಲಿ ಆ ಭರವಸೆಯಿಲ್ಲದೆ ಬೀಜ ಮಣ್ಣಿಗೆ ಬೀಳುವುದೇ ಇಲ್ಲ. "ಡಾಕ್ಟರು ಆಸೆ ಬಿಟ್ಟುಬಿಡಿ ಅಂದ್ರು" ಎನ್ನುವಾಗ ಅದು ಜೀವ. "ಮಗು ಆಸೆಪಟ್ಟು ಕೇಳ್ತಾ ಇದೆ, ಕೊಡಕ್ಕ" ಎನ್ನುವಾಗ ಮುದ್ದು. ಅದೇ ಬಾಯಿ ಸ್ವರವನ್ನು ಕೊಂಚ ಇಳಿಸಿ "ಅವನಿಗೆ ಆಸೆ ಜಾಸ್ತಿ ಕಣಣ್ಣ" ಎಂದರೆ ಒಬ್ಬ ಮನುಷ್ಯನ ಮಾನ ಹೋಯಿತು. ಕನ್ನಡದವರು ಅಂಥವನನ್ನು ಆಸೆಬುರುಕ ಅನ್ನುತ್ತಾರೆ, ತೆಲುಗಿನವರು ಆಶಪೋತು. ಸಂಸ್ಕೃತದ 'ಆಶಾ' ಶಬ್ದಕ್ಕೆ ದಿಕ್ಕು ಎಂಬ ಅರ್ಥವೂ ಇದೆ. ಅಮರಕೋಶ ದಿಕ್ಕಿನ ಹೆಸರುಗಳ ಸಾಲಿನಲ್ಲಿ ಅದನ್ನೂ ಕೂರಿಸಿದೆ. ಮನುಷ್ಯ ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾನೆ ಎಂಬುದನ್ನು ಆಸೆಯೇ ಹೇಳುತ್ತದೆ ಎಂದು ನನಗೆ ಅನ್ನಿಸುವುದು ಅದಕ್ಕೇ.

ಈ ಪದ ಚರ್ಚಿನ ಬಾಗಿಲು ದಾಟಿದಾಗ ಅದಕ್ಕೆ ಏನಾಯಿತು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅನಂತಪುರ ಜಿಲ್ಲೆ ಹುಟ್ಟಿದ್ದು 1882ರಲ್ಲಿ, ಬಳ್ಳಾರಿಯಿಂದ ಬೇರೆಯಾಗಿ. ಹಾಗಾಗಿ ಈ ಸೀಮೆಯ ಕನ್ನಡ ಕ್ರೈಸ್ತರ ವೇದಭಾಷೆಗೆ ಬಳ್ಳಾರಿಯೇ ತವರು. ಇಂದು ಕನ್ನಡ ಬೈಬಲ್ ಓದುವವರಿಗೆ ಗೊತ್ತು, ಅಲ್ಲಿ ಒಳ್ಳೆಯದನ್ನು ಎದುರುನೋಡುವುದಕ್ಕೆ 'ನಿರೀಕ್ಷೆ' ಎಂಬ ಪದವಿದೆ. ತೆಲುಗು ಬೈಬಲಿನಲ್ಲಿ ಅದು 'ನಿರೀಕ್ಷಣ'. ಒಳ್ಳೆಯ ಪಾಲು ನಿರೀಕ್ಷೆಗೆ ಹೋಯಿತು. ಆಸೆಗೆ ಉಳಿದದ್ದು 'ಆಶೆ' ಎಂಬ ಹಳೆಯ ಕಾಗುಣಿತ ಮತ್ತು ಹೆಚ್ಚುಪಾಲು ಕೆಟ್ಟ ಜೊತೆಗಾರರು: ದುರಾಶೆ, ಭೋಗಾಶೆ, ಲೋಕದ ಆಶೆ. ಭಾನುವಾರದ ಪ್ರಸಂಗದಲ್ಲಿ ಅಯ್ಯನವರು 'ಲೋಕಾಶೆ' ಎಂದ ಕೂಡಲೇ ಕೂತವರ ಕಣ್ಣ ಮುಂದೆ ಬರುವುದು ಸಿನಿಮಾ, ಹೆಂಡ, ಇಸ್ಪೀಟು, ಒಡವೆ. ಎಲ್ಲವೂ ಚರ್ಚಿನ ಕಾಂಪೌಂಡಿನ ಆಚೆ ಇರುವಂಥವು.

ಹೊಸ ಒಡಂಬಡಿಕೆಯ ಯಾಕೋಬನ ಪತ್ರ ಹಾಗೆ ಹೇಳುವುದಿಲ್ಲ. ಅದರ ನಾಲ್ಕನೆಯ ಅಧ್ಯಾಯ ಶುರುವಾಗುವುದೇ ಒಂದು ಪ್ರಶ್ನೆಯಿಂದ: ನಿಮ್ಮೊಳಗೆ ಈ ಕದನಗಳು ಎಲ್ಲಿಂದ ಬಂದವು? ಕೇಳಿದ್ದು ರೋಮಿನ ಸೈನಿಕರನ್ನಲ್ಲ, ಪೇಟೆಯವರನ್ನೂ ಅಲ್ಲ. ಸೇರಿ ಪ್ರಾರ್ಥಿಸುವ, ಒಬ್ಬರನ್ನೊಬ್ಬರು ಸಹೋದರರೆಂದು ಕರೆಯುವ ಜನರನ್ನು. ಉತ್ತರವನ್ನೂ ಅವನೇ ಕೊಡುತ್ತಾನೆ. ಕಾದಾಟದ ಬೇರು ನಿಮ್ಮ ಒಳಗೇ ಬಡಿದಾಡುತ್ತಿರುವ ಸುಖದ ಆಸೆಗಳಲ್ಲಿದೆ ಎನ್ನುತ್ತಾನೆ. ಲೋಕದ ಸ್ನೇಹ ದೇವರೊಡನೆ ಹಗೆ ಎಂಬ ಕಟುವಾದ ಮಾತು ಬರುವುದೂ ಅದೇ ಉಸಿರಿನಲ್ಲಿ. ಲೋಕ ಎಂದರೆ ಅವನ ಮಟ್ಟಿಗೆ ಹೊರಗಿನ ಬೀದಿಯಲ್ಲ. ಸಭೆಯೊಳಗೆ ಬಂದು ಬೆಂಚಿನ ಮೇಲೆ ಕೂತಿರುವ, ಬೇಕು ಬೇಕು ಎನ್ನುವ ಮನಸ್ಸು.

ಕನ್ನಡದ ಕಿವಿಗೆ ಈ ಮಾತು ಹೊಸದಾಗಿ ಕೇಳಬೇಕಿಲ್ಲ. ಹೊನ್ನು, ಹೆಣ್ಣು, ಮಣ್ಣುಗಳ ಮೇಲೆ ಲೋಕ ಹೊರಿಸಿದ ಮಾಯೆಯ ಅಪವಾದವನ್ನು ಅಲ್ಲಮ ಹನ್ನೆರಡನೆಯ ಶತಮಾನದಲ್ಲೇ ತೆಗೆದುಹಾಕಿ, ಅದನ್ನು ಮನಸ್ಸಿನೊಳಗಿನ ಆಸೆಯ ಮೇಲೆ ಇಟ್ಟಿದ್ದ. ಆಯ್ದಕ್ಕಿ ಲಕ್ಕಮ್ಮನ ಕತೆ ಇನ್ನೂ ಹತ್ತಿರದ್ದು. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬರಲು ಕಳಿಸಿದಳು. ಅವನು ಕದ್ದಿರಲಿಲ್ಲ, ತಂದದ್ದೂ ದಾಸೋಹಕ್ಕೇ. ಆದರೂ ಅಷ್ಟು ಅಕ್ಕಿಯಲ್ಲಿ ಅವಳಿಗೆ ಆಸೆ ಕಂಡಿತು, ಕಂಡದ್ದನ್ನು ಗಂಡನ ಮುಖಕ್ಕೇ ಹೇಳಿದಳು. ಧರ್ಮದ ಕೆಲಸಕ್ಕೆಂದು ಕೈ ಹಾಕಿದಾಗಲೇ ಆಸೆ ಸದ್ದಿಲ್ಲದೆ ಜೊತೆಗೆ ಬರುತ್ತದೆ ಎಂಬುದನ್ನು ಇವಳಷ್ಟು ನೇರವಾಗಿ ಕಂಡವರು ಕಡಿಮೆ. ನಮ್ಮ ಸಭೆಗಳ ಲೆಕ್ಕಪತ್ರದ ಮೇಜಿನ ಮುಂದೆ ಅಂಥ ಒಬ್ಬ ಹೆಂಗಸು ಕೂತಿದ್ದರೆ ಎಂದು ನಾನು ಎಷ್ಟೋ ಸಲ ಹಾರೈಸಿದ್ದೇನೆ.

ಯಾಕೆಂದರೆ ಸಭೆಯ ಜಗಳಗಳನ್ನು ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿ 'ಹಕ್ಕು' ಬರುತ್ತದೆ, 'ಬೈಲಾ' ಬರುತ್ತದೆ, 'ಸತ್ಯ', 'ಸಭೆಯ ಹಿತ', 'ಪೂರ್ವಿಕರ ತ್ಯಾಗ', 'ದೇವರ ಚಿತ್ತ' ಎಲ್ಲವೂ ಬರುತ್ತವೆ. ಆಸೆ ಎಂಬ ಪದವೊಂದು ಬರುವುದಿಲ್ಲ. ಬಂದರೂ ಎದುರಿನವನ ಮೇಲೆ ಎಸೆಯಲು ಬರುತ್ತದೆ. "ನನಗೆ ಆಸೆ" ಎಂದು ಯಾರೂ ಅನ್ನುವುದಿಲ್ಲ. ಕಮಿಟಿಗೆ ನಿಲ್ಲುವವನು ಸೇವೆಗೆ ನಿಲ್ಲುತ್ತಾನೆ. ಸೋತವನು ನ್ಯಾಯಕ್ಕಾಗಿ ಕೋರ್ಟಿಗೆ ಹೋಗುತ್ತಾನೆ. ಸಭೆ ಒಡೆದು ಹೊಸ ಶೆಡ್ಡು ಕಟ್ಟಿದವನು ಕರೆ ಬಂತೆಂದು ಹೇಳುತ್ತಾನೆ. ಈ ಮಾತುಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಅವುಗಳ ಕೆಳಗೆ ಇನ್ನೊಂದು ಪದ ಅಡಗಿ ಕೂತಿರುತ್ತದೆ, ಅದನ್ನು ಹೊರಗೆ ಕರೆಯದಿದ್ದರೆ ರಾಜಿ ಪಂಚಾಯಿತಿ ಎಷ್ಟು ನಡೆದರೂ ಜಗಳ ಬಗೆಹರಿಯುವುದಿಲ್ಲ.

ಜೆಬೆದಾಯನ ಮಕ್ಕಳ ಪ್ರಸಂಗವನ್ನು ನೋಡಿ. ಯಾಕೋಬ, ಯೋಹಾನ ಎಂಬ ಇಬ್ಬರು ಅಣ್ಣತಮ್ಮಂದಿರು (ಈ ಯಾಕೋಬ ಬೇರೆ, ಪತ್ರ ಬರೆದ ಯಾಕೋಬ ಬೇರೆ) ಯೇಸುವಿನ ಬಲಕ್ಕೊಂದು ಎಡಕ್ಕೊಂದು ಆಸನ ಕೇಳಿದರು. ಮತ್ತಾಯ ಬರೆಯುವ ಪ್ರಕಾರ ಅವರ ತಾಯಿಯೇ ಬಂದು ಕೇಳಿದಳು. ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ಬಂತು. ಆ ಸಿಟ್ಟಿನ ಬಗ್ಗೆ ನಮ್ಮ ಪ್ರಸಂಗಗಳು ಹೆಚ್ಚು ಮಾತಾಡುವುದಿಲ್ಲ, ನನಗಾದರೋ ಕತೆಯ ಗಂಟು ಅಲ್ಲೇ ಇದೆ. ಅವರಿಗೆ ಆ ಆಸನ ಬೇಡವಾಗಿದ್ದರೆ ಸಿಟ್ಟು ಯಾಕೆ? ಯೇಸು ಬುದ್ಧಿ ಹೇಳಿದ್ದು ಇಬ್ಬರನ್ನು ಬೇರೆ ಕೂರಿಸಿಯಲ್ಲ, ಹನ್ನೆರಡು ಜನರನ್ನೂ ಹತ್ತಿರ ಕರೆದು. ಬಾಯಿಬಿಟ್ಟು ಕೇಳಿದ ಇಬ್ಬರಿಗೆ ಕನಿಷ್ಠ ತಮ್ಮ ಆಸೆಯ ಹೆಸರು ಗೊತ್ತಿತ್ತು.

ಇನ್ನು ಭೂಮಿಯ ವಿಷಯ. ಈ ಸೀಮೆಯ ಕ್ರೈಸ್ತರ ಬಾಯಲ್ಲಿ 'ಕಾಂಪೌಂಡ್' ಎಂದರೆ ಬರೀ ಗೋಡೆಯಲ್ಲ, ಮಿಷನ್ ಬಿಟ್ಟುಹೋದ ಇಡೀ ಜಾಗ: ಬಂಗಲೆ, ಶಾಲೆ, ಬಾವಿ, ಸಮಾಧಿ, ಹುಣಸೆಮರ. 1893ರಲ್ಲಿ ಶುರುವಾದ ಸಿಲೋನ್ ಅಂಡ್ ಇಂಡಿಯಾ ಜನರಲ್ ಮಿಷನ್ನಿನವರು ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಹಳ್ಳಿ ಹಳ್ಳಿ ಸುತ್ತಿದರು. ಅನಂತಪುರ, ಗುತ್ತಿಗಳ ಕಡೆ ಲಂಡನ್ ಮಿಷನ್ ಇತ್ತು. ಆಗ ಊರಾಚೆಯ ಬಂಜರಾಗಿದ್ದ ಎಷ್ಟೋ ಮಿಷನ್ ಜಾಗಗಳು ಈಗ ಊರ ನಡುವೆ ಇವೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. 2019ರಲ್ಲಿ ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆ ಶುರುವಾಯಿತು. 2022ರಲ್ಲಿ ಅನಂತಪುರವನ್ನು ಒಡೆದು ಹೊಸ ಜಿಲ್ಲೆಯಾದಾಗ ಜಿಲ್ಲಾ ಕೇಂದ್ರ ನಮಗೇ ಬೇಕೆಂದು ಹಿಂದೂಪುರ ಬೀದಿಗಿಳಿಯಿತು, ಕೇಂದ್ರ ಪುಟ್ಟಪರ್ತಿಗೆ ಹೋಯಿತು. ಇದೆಲ್ಲದರ ನಡುವೆ ನೆಲದ ಬೆಲೆ ಏರುತ್ತ ಹೋದ ಹಾಗೆ ಯಾರದೆಂದು ಯಾರೂ ಕೇಳದಿದ್ದ ಜಾಗಕ್ಕೂ ದಾಖಲೆ ಹುಡುಕುವವರು ಹುಟ್ಟಿಕೊಳ್ಳುತ್ತಾರೆ. ಟ್ರಸ್ಟು ಯಾರದು, ಸಹಿ ಯಾರದು, ಮುಂದಿನ ಅಂಗಡಿ ಮಳಿಗೆಯ ಬಾಡಿಗೆ ಯಾರ ಕೈಗೆ? ಗಡಿಯ ಈಚೆ ಕರ್ನಾಟಕದಲ್ಲೂ ಇದೇ ಕತೆ. ಹೆಸರು, ಸರ್ವೆ ನಂಬರು ಬೇರೆ ಅಷ್ಟೆ.

ಗುಂಪಿನೊಳಗಿಂದ ಒಬ್ಬ ಬಂದು, ಅಣ್ಣನಿಗೆ ಹೇಳಿ ನನ್ನ ಪಾಲು ಕೊಡಿಸಿ ಎಂದು ಯೇಸುವನ್ನು ಕೇಳುವ ಪ್ರಸಂಗ ಲೂಕನ ಹನ್ನೆರಡನೆಯ ಅಧ್ಯಾಯದಲ್ಲಿದೆ. ಯೇಸು ಪಾಲು ಹಂಚಲು ಒಪ್ಪಲಿಲ್ಲ, ಲೋಭದ ವಿಷಯ ಎಚ್ಚರ ಹೇಳಿ ಕಣಜ ದೊಡ್ಡದು ಮಾಡಲು ಹೊರಟ ಸಾಹುಕಾರನ ಕತೆ ಹೇಳಿದ. ಬಹುಶಃ ಆ ತಮ್ಮನ ಕಡೆಯೇ ನ್ಯಾಯವಿತ್ತು. ನ್ಯಾಯ ಇರುವವನೊಳಗೂ ಆಸೆ ಇರಬಹುದು ಎಂಬುದನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟ. ನ್ಯಾಯ ನಮ್ಮ ಕಡೆ ಇದ್ದಾಗಲಂತೂ ಇನ್ನೂ ಕಷ್ಟ.

ಒಂದು ಕಾಲದಲ್ಲಿ ನಮ್ಮ ಹಿರಿಯರಿಂದ ಇದು ಸಾಧ್ಯವಾಗಿತ್ತು. 1919ರಲ್ಲಿ ತರಂಗಂಬಾಡಿಯಲ್ಲಿ ವಿ. ಎಸ್. ಅಜರಯ್ಯ ಮತ್ತಿತರರು ಕೂತು, ಯೂರೋಪಿನವರು ಕೊಟ್ಟ ಪಂಗಡಗಳ ಹೆಸರಿನಲ್ಲಿ ನಾವೇಕೆ ಬೇರೆಬೇರೆ ಇರಬೇಕು ಎಂಬ ಮಾತು ಎತ್ತಿದರು. ಬಿಷಪ್ಪರು ಇರಬೇಕೇ, ದೀಕ್ಷೆ ಯಾರ ಕೈಯಿಂದ ಆಗಬೇಕು ಎಂದು 28 ವರ್ಷ ಚರ್ಚಿಸಿ, ತಮ್ಮ ತಮ್ಮ ಪಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯನ್ನು (ಸಿ.ಎಸ್.ಐ.) ಕಟ್ಟಿದರು. ಲಂಡನ್ ಮಿಷನ್ನಿನ ಸಭೆಗಳೂ ಅದರೊಳಗೆ ಬಂದವು. ಅದೇ ಸಭೆಯ ಸಿನೊಡ್ಡಿನ ಆಡಳಿತ ನೋಡಿಕೊಳ್ಳಲು 2024ರಲ್ಲಿ ಮದ್ರಾಸ್ ಹೈಕೋರ್ಟು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಬೇಕಾಯಿತು. ಚುನಾವಣೆಯ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಕೊರಿಂಥದ ಸಭೆಯವರು ತಮ್ಮ ವ್ಯಾಜ್ಯಗಳನ್ನು ಊರಿನ ನ್ಯಾಯಾಲಯಕ್ಕೆ ಒಯ್ದಾಗ, ಅದಕ್ಕಿಂತ ಅನ್ಯಾಯವನ್ನೇ ಯಾಕೆ ತಾಳಿಕೊಳ್ಳಲಿಲ್ಲ ಎಂದು ಪೌಲ ಕೇಳಿದ್ದ. ಆ ಪ್ರಶ್ನೆ ಓದಿದಾಗಲೆಲ್ಲ ನನಗೆ ನೋವಾಗುತ್ತದೆ.

ಎಲ್ಲ ಒಡಕಿಗೂ ಆಸೆಯೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ಇದೇ ರಾಯಲಸೀಮೆಯ ನಂದ್ಯಾಲದ ಆಂಗ್ಲಿಕನ್ನರಲ್ಲಿ ಬಹಳ ಜನ 1947ರ ಐಕ್ಯಕ್ಕೆ ಸೇರದೆ ಹೊರಗುಳಿದರು. ಅವರು ಒಳಗೆ ಬಂದದ್ದು 1975ರಲ್ಲಿ. ಅಷ್ಟು ವರ್ಷ ದೂರ ನಿಂತವರಲ್ಲಿ ನಂಬಿಕೆಯ ಪ್ರಶ್ನೆಯೂ ಇತ್ತು, ಅದನ್ನು ಗೌರವಿಸಬೇಕು.

ಆಸೆಯನ್ನು ಬೈಯುವವರು ಇನ್ನೊಂದನ್ನೂ ನೆನಪಿಡಬೇಕು. ಆಸೆ ಬಿಡು ಎಂಬ ಉಪದೇಶ ಯಾವಾಗಲೂ ಇಲ್ಲದವರ ಕಡೆಗೇ ಬೇಗ ಹರಿಯುತ್ತದೆ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಈ ಸೀಮೆ ಸುಡುಗಾಡಾಯಿತು. ಗಂಜಿ ಕೇಂದ್ರಗಳ ಸುತ್ತ ಹೆಣ ಬಿದ್ದವು. ಆ ಕಾಲದಲ್ಲಿ, ಆಮೇಲಿನ ಬರಗಳಲ್ಲಿ ಕ್ರೈಸ್ತರಾದ ಮಾಲ, ಮಾದಿಗ ಕುಟುಂಬಗಳನ್ನು ಅನ್ನದಾಸೆಗೆ ಸೇರಿದವರು ಎಂದು ಆಡಿಕೊಂಡವರು ಬಹಳ. ಇಂದಿಗೂ 'ಆಮಿಷ' ಎಂಬ ಪದ ಅವರ ಮೊಮ್ಮಕ್ಕಳ ಬೆನ್ನು ಬಿಟ್ಟಿಲ್ಲ. ಹಸಿದವನು ಅನ್ನ ಬೇಕೆಂದದ್ದು, ಊರ ಬಾವಿ ಮುಟ್ಟಲಾಗದವನು ಬೆಂಚಿನ ಮೇಲೆ ಸಮನಾಗಿ ಕೂರಬೇಕೆಂದದ್ದು, ಅಕ್ಷರ ಬೇಕೆಂದದ್ದು ಲೋಕಾಶೆಯಲ್ಲ. ಅದು ರೈತ ಮಳೆಯ ಮೇಲೆ ಇಡುವ ಆಸೆಯ ಜಾತಿಗೆ ಸೇರಿದ್ದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ದುರಾಶೆಗೆ ಬಳಸಿದ ಪದವೇ ಇನ್ನೊಂದು ಕಡೆ ಯೇಸುವಿನ ಬಾಯಲ್ಲಿ ಬರುತ್ತದೆ. ಸಾಯುವ ಮುಂಚೆ ಶಿಷ್ಯರ ಜೊತೆ ಪಸ್ಕದ ಊಟ ಮಾಡಬೇಕೆಂದು ತಾನು ಎಷ್ಟು ಆಸೆಪಟ್ಟಿದ್ದೆ ಎಂದು ಅವನು ಹೇಳುವಲ್ಲಿ. ಜೊತೆಗೆ ಕೂತು ಉಣ್ಣುವ ಆಸೆ ಅದು. ಬೇರೆಯವನ ತಟ್ಟೆ ಖಾಲಿಯಾಗದೆ ತೀರುವ ಆಸೆ. ಕುರ್ಚಿಯ ಆಸೆ ಹಾಗಲ್ಲ, ಒಬ್ಬ ಎದ್ದರೆ ಮಾತ್ರ ಇನ್ನೊಬ್ಬನಿಗೆ ಜಾಗ.

ಪತ್ರ ಬರೆದ ಯಾಕೋಬ ಆಸೆಯನ್ನು ಕೊಂದುಹಾಕಿ ಎಂದು ಹೇಳಿ ಸುಮ್ಮನಾಗುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸಿಲ್ಲ. ನಿಮಗೆ ಸಿಗದಿರುವುದು ನೀವು ಕೇಳದಿರುವುದರಿಂದ ಎನ್ನುತ್ತಾನೆ, ಕೇಳಿದರೂ ತಪ್ಪು ಉದ್ದೇಶದಿಂದ ಕೇಳುತ್ತೀರಿ ಎನ್ನುತ್ತಾನೆ. ಎಂದರೆ ಆಸೆಯನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಬೇಕು. ಹೇಳುವಾಗಲೇ ಅದರ ಬಣ್ಣ ನಮಗೂ ಕಾಣುತ್ತದೆ. ಸಭೆಯ ಹಿತಕ್ಕಾಗಿ ಎಂದು ಪ್ರಾರ್ಥಿಸುವುದು ಸುಲಭ. ಸ್ವಾಮೀ, ಆ ಮಳಿಗೆಯ ಬಾಡಿಗೆ ನನ್ನ ಭಾವಮೈದುನನಿಗೆ ಸಿಗಬೇಕೆಂದು ನನಗೆ ಆಸೆ ಎಂದು ಪ್ರಾರ್ಥಿಸಲು ನಾಲಿಗೆ ಏಳುವುದಿಲ್ಲ.

ಈ ಸೀಮೆಯ ಸಭೆಗಳಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳುವ ಹೊತ್ತು ಒಂದಿರುತ್ತದೆ. ಒಬ್ಬರು ತೆಲುಗಿನಲ್ಲಿ 'ವಂದನಾಲು' ಎಂದು ಎದ್ದರೆ ಇನ್ನೊಬ್ಬರು ಕನ್ನಡದಲ್ಲಿ 'ಸ್ತೋತ್ರ' ಎಂದು ಎದ್ದು, ಕುಡಿತ ಬಿಟ್ಟದ್ದನ್ನು, ಕಾಯಿಲೆ ವಾಸಿಯಾದದ್ದನ್ನು ಹೇಳುತ್ತಾರೆ. ಅವು ನಿಜವಾದ ಸಾಕ್ಷಿಗಳು, ನಾನು ಅವನ್ನು ಮನಸ್ಸಿಟ್ಟು ಕೇಳುತ್ತೇನೆ. ಹಾಗೆಯೇ ಯಾರಾದರೂ ಒಬ್ಬರು ಎದ್ದು "ಅಣ್ಣಂದಿರೇ, ಅಕ್ಕಂದಿರೇ, ನನಗೆ ಖಜಾಂಚಿ ಆಗೋ ಆಸೆ ಇತ್ತು, ಅದಕ್ಕೇ ಹೋದ ವರ್ಷ ಆ ಅಣ್ಣನ ಮೇಲೆ ದೂರು ಬರೆದೆ" ಎಂದು ಹೇಳುವುದನ್ನು ಕೇಳಬೇಕೆಂಬುದು ನನ್ನ ಆಸೆ.